ಕಾಣದ ಕಿರಣಕ್ಕೆ ಕಾಣುವ ಬೆಳಕಿನ ಸಾಕ್ಷಿ

ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋದವರು ಅಲ್ಲಿನ ಗಂಗೆಯ ಕೊಳವನ್ನು ನೋಡದೆ ಹಿಂದಿರುಗುವುದಿಲ್ಲ. ಭಕ್ತರು ಕೊಳದ ಅಂಚಿನಲ್ಲಿ ಕುಳಿತು ತಮ್ಮ ಇಷ್ಟಾರ್ಥವನ್ನು ನಿವೇದಿಸಿಕೊಳ್ಳುತ್ತಾರೆ. ನೀರಿನ ಒಳಗಿನಿಂದ ಮೇಲಕ್ಕೆ ತೇಲಿಬಂದ ವಸ್ತುವನ್ನು ಪ್ರಸಾದವೆಂದು ಸ್ವೀಕರಿಸಿ, ಅದರಿಂದ ಮುಂದಿನದನ್ನು ಊಹಿಸಿಕೊಳ್ಳುತ್ತಾರೆ. ಆ ನಂಬಿಕೆಯನ್ನು ಇಲ್ಲಿ ಪರೀಕ್ಷೆಗೆ ಒಡ್ಡುವುದು ನಮ್ಮ ಉದ್ದೇಶವಲ್ಲ. ಆದರೆ ಆಳದಲ್ಲಿರುವುದನ್ನು ನೇರವಾಗಿ ಕಾಣಲಾರದ ಮನುಷ್ಯನು, ಮೇಲೆ ಬಂದುದನ್ನು ನೋಡಿ ಒಳಗಿನದನ್ನು ತಿಳಿಯಲೆಳಸುವ ಆ ದೃಶ್ಯವು ನಮ್ಮ ಮನಸ್ಸಿನಲ್ಲಿ ಬೇರೆಯೇ ಒಂದು ವಿಚಾರವನ್ನು ಎಬ್ಬಿಸಿತು. ಅದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

ನಾವು ಅಲ್ಲಿಗೆ ಹೋಗಿದ್ದುದು ಯುಗಾದಿಗೆ ಮುಂಚಿನ ಅಮಾವಾಸ್ಯೆಯ ದಿನ. ರಾತ್ರಿ ಊರ ಹೊರಗಿನ ಬಯಲಿನಲ್ಲಿ ನಿಂತಾಗ ಆಕಾಶವು ನಿಚ್ಚಳವಾಗಿದ್ದಿತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತಿದ್ದುವು. ಅದರಾಚೆಗೆ ಯಾವುದೋ ಪೇಟೆಯ ಬೆಳಕು ದಿಗಂತವನ್ನು ಮಬ್ಬಾಗಿಸಿತ್ತು. ಆದರೂ ನಡುರಾತ್ರಿಯ ಹೊತ್ತಿಗೆ ಕನ್ಯಾರಾಶಿಯು ನೆತ್ತಿಯ ಸಮೀಪಕ್ಕೆ ಏರಿ, ಚಿತ್ತಾ ನಕ್ಷತ್ರವು ಥಳಥಳಿಸುತ್ತಿತ್ತು. ಆ ರಾಶಿಯೊಳಗೆ, ಬರಿಗಣ್ಣಿಗೆ ಕಾಣದ, ಆದರೆ ಎಂಟು ಹತ್ತು ಅಂಗುಲದ ದರ್ಪಣವುಳ್ಳ ಸಾಧಾರಣ ದೂರದರ್ಶಕಕ್ಕೆ ಸಿಕ್ಕುವ ಒಂದು ಚುಕ್ಕೆಯುಂಟು. ನೋಡುವುದಕ್ಕೆ ಅದೊಂದು ಮಂಕು ನಕ್ಷತ್ರ. ಖಗೋಳಜ್ಞರು ಅದನ್ನು 3ಸಿ 273 ಎಂದು ಕರೆಯುತ್ತಾರೆ. ಅದರಿಂದ ಸುಮಾರು 200 ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕು ಈಗ ನಮ್ಮನ್ನು ತಲಪುತ್ತಿದೆ. ಇಡೀ ಆಕಾಶದಲ್ಲಿ ಕ್ಷ-ಕಿರಣಗಳನ್ನು ಪ್ರಖರವಾಗಿ ಸೂಸುವ ದೂರದ ಕಾಯಗಳಲ್ಲಿ ಅದೂ ಒಂದು.

ಇಂಥ ಕಾಯಗಳನ್ನು ಕಂಡುಹಿಡಿದ ಕೀರ್ತಿಯನ್ನು ಜನರು ಸಾಮಾನ್ಯವಾಗಿ ಉಪಗ್ರಹಗಳಿಗೆ ಸಲ್ಲಿಸುತ್ತಾರೆ. ಅದು ನ್ಯಾಯವೇ ಸರಿ. ಆದರೆ ಅರ್ಧ ನ್ಯಾಯ. ಕ್ಷ-ಕಿರಣದ ಉಪಗ್ರಹವು 'ಇಲ್ಲಿ ಏನೋ ಇದೆ' ಎಂದು ಹೇಳಬಲ್ಲುದು. ಅದು ಏನು, ಎಷ್ಟು ದೂರದ್ದು, ಎಷ್ಟು ಬಲವುಳ್ಳದ್ದು ಎಂಬುದನ್ನು ಹೇಳಬೇಕಾದರೆ ಸಾಮಾನ್ಯವಾಗಿ ಭೂಮಿಯ ಮೇಲಿನ ದೂರದರ್ಶಕವು ಕಾಣುವ ಬೆಳಕಿನಲ್ಲಿ ಸಾಕ್ಷ್ಯ ನುಡಿಯಬೇಕು. ಕ್ಷ-ಕಿರಣ ಉಪಗ್ರಹಗಳನ್ನು ಕಟ್ಟಿದ ನಾಡು ನಮ್ಮದು. ಈ ಎರಡನೆಯ ಅರ್ಧಕ್ಕೂ, ಅಂದರೆ ಕತ್ತಲೆಯ ಆಕಾಶಕ್ಕೂ ಬೆಳಕಿನ ದೂರದರ್ಶಕಕ್ಕೂ ಅದರ ಹಿಂದೆ ನಿಲ್ಲುವ ತರುಣರಿಗೂ, ಅಷ್ಟೇ ಮನ್ನಣೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ವಿಷಯವನ್ನು ಮೊದಲಿನಿಂದ ನೋಡೋಣ. ಆಕಾಶದಿಂದ ಬರುವ ಕ್ಷ-ಕಿರಣಗಳನ್ನು ನಮ್ಮ ವಾಯುಮಂಡಲವು ಹೀರಿಬಿಡುತ್ತದೆ. ಪ್ರಾಣಿಕುಲಕ್ಕೆ ಇದೊಂದು ವರ. ಖಗೋಳಜ್ಞನಿಗೆ ಒಂದು ತಡೆ. ಆದಕಾರಣ ಈ ಶಾಸ್ತ್ರವು ರಾಕೆಟ್ಟುಗಳು ಬರುವವರೆಗೂ ಕಾಯಬೇಕಾಯಿತು. 1962ರ ಜೂನ್ 18ರಂದು ರಿಕಾರ್ಡೊ ಜಿಯಕೋನಿ ಮತ್ತು ಸಂಗಡಿಗರು ಹಾರಿಸಿದ ಒಂದು ಸಣ್ಣ ರಾಕೆಟ್ಟು, ವಾಯುಮಂಡಲದಿಂದಾಚೆ ಕೆಲವೇ ನಿಮಿಷ ಇದ್ದು, ಎರಡು ಸುದ್ದಿಗಳನ್ನು ತಂದಿತು. ಒಂದು, ವೃಶ್ಚಿಕ ರಾಶಿಯ ಕಡೆ ಕ್ಷ-ಕಿರಣಗಳ ಪ್ರಬಲವಾದ ಆಕರವೊಂದಿದೆ ಎಂಬುದು. ಎರಡು, ಆಕಾಶದ ಎಲ್ಲ ದಿಕ್ಕುಗಳಿಂದಲೂ ಕ್ಷ-ಕಿರಣಗಳ ಮಂದವಾದ ಹೊಳಪೊಂದು ಬರುತ್ತಿದೆ ಎಂಬುದು. ವೃಶ್ಚಿಕದ ಆ ಆಕರ ಯಾವುದೆಂದು ತಿಳಿಯಲು ನಾಲ್ಕು ವರ್ಷ ಹಿಡಿಯಿತು. 1966ರಲ್ಲಿ ಅದರ ಸ್ಥಾನವನ್ನು ಹೆಚ್ಚು ನಿಖರವಾಗಿ ಅಳೆದ ಮೇಲೆ, ಟೋಕಿಯೋ ಮತ್ತು ಪಾಲೋಮಾರ್ ವೀಕ್ಷಣಾಲಯಗಳ ಖಗೋಳಜ್ಞರು ಅಲ್ಲಿ ವಿಚಿತ್ರವಾದ ನೀಲಿ ನಕ್ಷತ್ರವೊಂದನ್ನು ಗುರುತಿಸಿದರು. ಅದು ನಮ್ಮ ಆಕಾಶಗಂಗೆಗೇ ಸೇರಿದುದು. ರಾಕೆಟ್ಟು ಕೂಗನ್ನು ಕೇಳಿತು. ಕೂಗಿದವನ ಮುಖವನ್ನು ತೋರಿಸಿದುದು ಬೆಳಕಿನ ದೂರದರ್ಶಕ. ಈ ಶಾಸ್ತ್ರದ ಮೊದಲ ಪಾಠವೇ ಇದು.

ಎಲ್ಲ ದಿಕ್ಕುಗಳಿಂದಲೂ ಬರುತ್ತಿದ್ದ ಆ ಮಂದವಾದ ಹೊಳಪಿನ ಕಥೆ ಇನ್ನೂ ದೀರ್ಘವಾದುದು. ಅದರ ಬಹುಭಾಗವು ಅಸಂಖ್ಯಾತವಾದ ಬಿಡಿ ಚುಕ್ಕೆಗಳ ಒಟ್ಟು ಬೆಳಕೆಂದು ಮುಂದೆ ತಿಳಿದುಬಂದಿತು. ಆ ಚುಕ್ಕೆಗಳಲ್ಲಿ ಹೆಚ್ಚಿನವು ದೂರದ ಗೆಲಾಕ್ಸಿಗಳ ಸಕ್ರಿಯ ನಾಭಿಗಳು. ಗೆಲಾಕ್ಸಿಯೆಂದರೆ ನಮ್ಮ ಆಕಾಶಗಂಗೆಯಂತೆ ಕೋಟ್ಯಂತರ ನಕ್ಷತ್ರಗಳ ಒಂದು ಮಹಾಸಮೂಹ. ಅದರ ನಡುವೆ ಸೂರ್ಯನಿಗಿಂತ ಲಕ್ಷಾಂತರದಿಂದ ನೂರಾರು ಕೋಟಿಯ ಪಟ್ಟು ಭಾರವುಳ್ಳ ಕೃಷ್ಣವಿವರವಿರುವುದುಂಟು. ಆ ಕೃಷ್ಣವಿವರದೊಳಕ್ಕೆ ಸುತ್ತಣ ಅನಿಲವು ಸುಳಿಸುಳಿಯಾಗಿ ಬೀಳತೊಡಗಿದಾಗ ನಾಭಿಯು ಸಕ್ರಿಯವಾಯಿತೆನ್ನುತ್ತೇವೆ. ಬೀಳುವ ಅನಿಲವು ತಟ್ಟೆಯಂತೆ ಹರಡಿ, ಘರ್ಷಣೆಯಿಂದ ಕಾದು, ನೀಲಿ ಮತ್ತು ಅತಿನೇರಿಳೆ ಬೆಳಕನ್ನು ಸೂಸುತ್ತದೆ. ತಟ್ಟೆಯ ಮೇಲೆ ನೂರು ಕೋಟಿ ಡಿಗ್ರಿಯಷ್ಟು ಕಾದ ತೆಳುವಾದ ಅನಿಲವೊಂದು ಕವಿದಿರುತ್ತದೆ. ತಟ್ಟೆಯಿಂದ ಹೊರಟ ಬೆಳಕಿನ ಕಣಗಳು ಅದರೊಳಗಣ ಎಲೆಕ್ಟ್ರಾನುಗಳಿಂದ ಪುನಃ ಪುನಃ ಬಡಿಸಿಕೊಂಡು, ಶಕ್ತಿವಂತವಾಗಿ, ಕ್ಷ-ಕಿರಣಗಳಾಗಿ ಹೊರಬೀಳುತ್ತವೆ. ಕೃಷ್ಣವಿವರವು ಕಾಣದು, ಅದು ಉಣ್ಣುತ್ತಿರುವುದು ಮಾತ್ರ ಕಾಣುತ್ತದೆ.

ಇಲ್ಲಿ ನಮಗೆ ವರಾಹಮಿಹಿರನ ನೆನಪಾಗುತ್ತದೆ. ಆರನೆಯ ಶತಮಾನದ ಆ ಜ್ಯೋತಿಷಿಯು ಗ್ರಹಗತಿಗಳನ್ನು ಬರೆದಂತೆಯೇ, ತನ್ನ ಬೃಹತ್ಸಂಹಿತೆಯಲ್ಲಿ ದಕಾರ್ಗಳವೆಂಬ ಅಧ್ಯಾಯವನ್ನೂ ಬರೆದಿದ್ದಾನೆ. ಭೂಮಿಯ ಒಳಗಣ ನೀರಿನ ಸೆಲೆಗಳನ್ನು ಮೇಲಿನ ಮರ, ಹುತ್ತ, ಮಣ್ಣು, ಕಲ್ಲುಗಳ ಲಕ್ಷಣದಿಂದ ತಿಳಿಯುವ ಬಗೆಯನ್ನು ಅದು ಹೇಳುತ್ತದೆ. ಅವನು ಹೇಳಿದ ಲಕ್ಷಣಗಳೆಲ್ಲವೂ ಇಂದಿನ ಭೂವಿಜ್ಞಾನಕ್ಕೆ ಒಪ್ಪಿಗೆಯಾಗಬೇಕೆಂದೇನೂ ಇಲ್ಲ. ಆದರೆ ಕಾಣುವ ಲಕ್ಷಣದಿಂದ ಕಾಣದ ಸೆಲೆಯನ್ನು ಅರಸುವ ಕ್ರಮವು ಚಿತ್ರದುರ್ಗದ ರೈತನಿಗೆ ಹೊಸದಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಕೊಳವೆಬಾವಿ ಕೊರೆಸಿದವನಿಗೆ, ಲಕ್ಷಣವನ್ನು ಓದುವುದರ ಬೆಲೆಯೂ ತಿಳಿದಿದೆ, ಲಕ್ಷಣವು ಮೋಸಮಾಡುವುದೂ ತಿಳಿದಿದೆ. ಸಕ್ರಿಯ ನಾಭಿಗಳನ್ನು ಬೆಳಕಿನಿಂದ ಗುರುತಿಸುವುದೂ ಇಂಥದೇ ಒಂದು ವಿದ್ಯೆ. ಅದರ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಸ್ಥಾನ. ಒಂದು ಡಿಗ್ರಿಯಲ್ಲಿ 60 ಕಲೆ. ಒಂದು ಕಲೆಯಲ್ಲಿ 60 ವಿಕಲೆ. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 1,800 ವಿಕಲೆ. ಕ್ಷ-ಕಿರಣ ದೂರದರ್ಶಕವು ಒಂದು ಆಕರದ ಸ್ಥಾನವನ್ನು ಹೇಳುವಾಗ 'ಈ ಬಿಂದುವಿನಿಂದ ಇಷ್ಟು ವಿಕಲೆಗಳ ಒಳಗೆ' ಎಂದು ಹೇಳುತ್ತದೆ. ಅದು ಹತ್ತು ವಿಕಲೆಯೆಂದಿಟ್ಟುಕೊಳ್ಳಿ. ಆ ವೃತ್ತದ ಅಗಲವು ಚಂದ್ರಬಿಂಬದ ತೊಂಬತ್ತರಲ್ಲಿ ಒಂದು ಪಾಲಷ್ಟೆ. ಇಷ್ಟು ಸಣ್ಣ ವೃತ್ತದಲ್ಲಿ ಒಂದೇ ಕಾಯವಿರಬಹುದೆಂದು ನಾವು ಭಾವಿಸುತ್ತೇವೆ. ಆದರೆ ದೊಡ್ಡ ದೂರದರ್ಶಕವು ಬಹಳ ಹೊತ್ತು ಬೆಳಕನ್ನು ಕೂಡಿಸಿ ತೆಗೆದ ಚಿತ್ರದಲ್ಲಿ ಆ ವೃತ್ತದೊಳಗೆ ಒಂದಕ್ಕಿಂತ ಹೆಚ್ಚು ಮಂಕು ಚುಕ್ಕೆಗಳು ಕಾಣುವುದು ಸಾಮಾನ್ಯ. ಇವುಗಳಲ್ಲಿ ಕ್ಷ-ಕಿರಣದ ಒಡೆಯರು ಯಾರು? ಬೀದಿಯ ಹೆಸರು ಸಿಕ್ಕಿತು, ಮನೆಯ ಸಂಖ್ಯೆ ಸಿಕ್ಕಲಿಲ್ಲ ಎಂಬಂತಾಯಿತು.

ಎರಡನೆಯದು ಕ್ಷ-ಕಿರಣಕ್ಕೂ ಬೆಳಕಿಗೂ ಇರುವ ಪ್ರಮಾಣ. ನಮ್ಮ ಸೂರ್ಯನೂ ಕ್ಷ-ಕಿರಣಗಳನ್ನು ಸೂಸುತ್ತಾನೆ. ಆದರೆ ಅವನ ಒಟ್ಟು ಪ್ರಭೆಯಲ್ಲಿ ಅದು ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಸಾಮಾನ್ಯ ನಕ್ಷತ್ರಗಳಲ್ಲಿ ಬೆಳಕು ಬಹಳ, ಕ್ಷ-ಕಿರಣ ಅತ್ಯಲ್ಪ. ಸಕ್ರಿಯ ನಾಭಿಗಳಲ್ಲಿಯಾದರೋ ಎರಡರ ಪ್ರಮಾಣವೂ ಸರಿಸುಮಾರಾಗಿ ಒಂದೇ ಅಂತಸ್ತಿನದಾಗಿರುತ್ತದೆ. ಬೆಳಕಿನ ಹತ್ತನೆಯ ಒಂದು ಪಾಲಿನಿಂದ ಹತ್ತರಷ್ಟರವರೆಗೆ ಕ್ಷ-ಕಿರಣ ಇರುವುದುಂಟು. ಆದಕಾರಣ ವೃತ್ತದೊಳಗಣ ಒಂದೊಂದು ಚುಕ್ಕೆಯ ಬೆಳಕನ್ನೂ ಅಳೆದು ಈ ಪ್ರಮಾಣವನ್ನು ಲೆಕ್ಕಹಾಕಿದರೆ ಅನೇಕ ಹುಸಿ ಹಕ್ಕುದಾರರು ಹಿಂದಕ್ಕೆ ಸರಿಯುತ್ತಾರೆ. ಇದರೊಡನೆ ಬಣ್ಣವನ್ನೂ ನೋಡಬೇಕು. ಕಾದ ತಟ್ಟೆಯ ಬೆಳಕು ನೀಲಿಯ ಕಡೆಗೆ ವಾಲುವುದರಿಂದ, ಮರೆಯಿಲ್ಲದ ಸಕ್ರಿಯ ನಾಭಿಯು ನೆರೆಯ ನಕ್ಷತ್ರಗಳಿಗಿಂತ ನೀಲಿಯಾಗಿ ಕಾಣುವುದುಂಟು. ದಿನ, ತಿಂಗಳು, ವರ್ಷಗಳಲ್ಲಿ ಅದರ ಪ್ರಭೆಯು ಕ್ರಮವಿಲ್ಲದೆ ಏರಿಳಿಯುವುದೂ ಇನ್ನೊಂದು ಗುರುತು.

ಮೂರನೆಯದು ರೋಹಿತ. ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ದೊರೆಯುವ ಈ ಪಟ್ಟಿಯೇ ಎಲ್ಲಕ್ಕಿಂತ ಬಲವಾದ ಸಾಕ್ಷಿ. 1943ರಲ್ಲಿ ಕಾರ್ಲ್ ಸೀಫರ್ಟ್ ಎಂಬ ಖಗೋಳಜ್ಞನು ಕೆಲವು ಗೆಲಾಕ್ಸಿಗಳ ನಾಭಿಯ ರೋಹಿತದಲ್ಲಿ ಪ್ರಕಾಶಮಾನವಾದ, ಅಸಾಮಾನ್ಯವಾಗಿ ಅಗಲವಾದ ರೇಖೆಗಳಿರುವುದನ್ನು ವರ್ಣಿಸಿದನು. ರೇಖೆಯು ಅಗಲವಾಗಿದೆಯೆಂದರೆ ಅದನ್ನು ಸೂಸುವ ಅನಿಲದ ಒಂದು ಭಾಗ ನಮ್ಮ ಕಡೆಗೂ ಇನ್ನೊಂದು ಭಾಗ ನಮ್ಮಿಂದ ದೂರಕ್ಕೂ ಭಯಂಕರ ವೇಗದಿಂದ ಓಡುತ್ತಿದೆಯೆಂದರ್ಥ. ಸೆಕೆಂಡಿಗೆ ಸಾವಿರಾರು ಕಿಲೋಮೀಟರಿನ ಈ ವೇಗವನ್ನು ಇಷ್ಟು ಸಣ್ಣ ಎಡೆಯಲ್ಲಿ ಹಿಡಿದಿಡಬಲ್ಲುದು ಮಹಾಭಾರವುಳ್ಳ ಕೃಷ್ಣವಿವರವೇ. ಸೀಫರ್ಟನ ಕಾಲಕ್ಕೆ ಕ್ಷ-ಕಿರಣ ಖಗೋಳಶಾಸ್ತ್ರವೆಂಬುದೇ ಇರಲಿಲ್ಲ. ಮುಂದೆ ಉಪಗ್ರಹಗಳು ಬಂದಾಗ ಅವನು ಹೆಸರಿಸಿದ ಎನ್‌ಜಿಸಿ 4151ರಂಥ ಗೆಲಾಕ್ಸಿಗಳು ಕ್ಷ-ಕಿರಣದಲ್ಲಿಯೂ ಪ್ರಖರವಾಗಿ ಕಂಡುಬಂದುವು. ಬೆಳಕಿನ ಸಾಕ್ಷಿಯು ಮುಂಚಿತವಾಗಿಯೇ ನುಡಿದಿದ್ದಿತು. ಕೇಳುವವರು ತಡವಾಗಿ ಬಂದರು.

ಅಗಲವಾದ ರೇಖೆಗಳು ಕಾಣದಿದ್ದರೆ ಸಪೂರವಾದ ರೇಖೆಗಳ ಪ್ರಮಾಣವನ್ನು ನೋಡುತ್ತಾರೆ. ಎಳೆಯ ನಕ್ಷತ್ರಗಳ ಬೆಳಕು ಬಿದ್ದ ಅನಿಲವೂ ಹೊಳೆಯುತ್ತದೆ, ಸಕ್ರಿಯ ನಾಭಿಯ ಬೆಳಕು ಬಿದ್ದ ಅನಿಲವೂ ಹೊಳೆಯುತ್ತದೆ. ಆದರೆ ನಾಭಿಯ ಬೆಳಕು ಹೆಚ್ಚು ಉಗ್ರವಾದುದರಿಂದ ಆಮ್ಲಜನಕದ ಪರಮಾಣುವಿನಿಂದ ಎರಡು ಎಲೆಕ್ಟ್ರಾನುಗಳನ್ನು ಸುಲಭವಾಗಿ ಕಿತ್ತುಹಾಕುತ್ತದೆ. ಆಗ 5,007 ಆಂಗ್‌ಸ್ಟ್ರಾಮಿನ ಹಸಿರು ರೇಖೆಯು, ಸಮೀಪದ 4,861 ಆಂಗ್‌ಸ್ಟ್ರಾಮಿನ ಜಲಜನಕದ ರೇಖೆಗಿಂತ ಎಷ್ಟೋ ಪ್ರಬಲವಾಗುತ್ತದೆ. ಕೆಂಪಿನ ಕಡೆಯಲ್ಲಿ ಸಾರಜನಕದ ರೇಖೆಯನ್ನು ಜಲಜನಕದ 6,563 ಆಂಗ್‌ಸ್ಟ್ರಾಮಿನ ರೇಖೆಯೊಡನೆ ಹೋಲಿಸಬೇಕು. ಈ ಎರಡು ಪ್ರಮಾಣಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿದರೆ ನಕ್ಷತ್ರಗಳ ಪಂಗಡವೂ ನಾಭಿಗಳ ಪಂಗಡವೂ ಬೇರೆಬೇರೆಯಾಗಿ ನಿಲ್ಲುತ್ತವೆಂದು 1981ರಲ್ಲಿ ಬಾಲ್ಡ್ವಿನ್, ಫಿಲಿಪ್ಸ್ ಮತ್ತು ಟರ್ಲೆವಿಚ್ ತೋರಿಸಿಕೊಟ್ಟರು. ಆ ನಕ್ಷೆಯನ್ನು ಇಂದಿಗೂ ಬಳಸುತ್ತಾರೆ.

ರೋಹಿತದಿಂದ ಇನ್ನೂ ಒಂದು ಮಹತ್ತಾದ ಲಾಭವುಂಟು, ಅದು ದೂರ. 3ಸಿ 273 ಮೊದಲು ಪ್ರಸಿದ್ಧವಾದುದು ರೇಡಿಯೋ ಆಕರವೆಂದು. 1962ರಲ್ಲಿ ಚಂದ್ರನು ಅದನ್ನು ಮರೆಮಾಡಿದ ಕ್ಷಣಗಳನ್ನು ಆಸ್ಟ್ರೇಲಿಯದ ಪಾರ್ಕ್ಸ್ ರೇಡಿಯೋ ದೂರದರ್ಶಕದಿಂದ ಅಳೆದು ಅದರ ಸ್ಥಾನವನ್ನು ನಿಖರವಾಗಿ ಕಂಡುಕೊಂಡರು. ಆ ಸ್ಥಾನದಲ್ಲಿದ್ದ 'ನಕ್ಷತ್ರ'ದ ರೋಹಿತವನ್ನು ಮಾರ್ಟನ್ ಸ್ಮಿತ್ ಪಾಲೋಮಾರಿನಲ್ಲಿ ತೆಗೆದು ನೋಡಿದಾಗ, ಅದರ ರೇಖೆಗಳು ಯಾವ ಮೂಲವಸ್ತುವಿಗೂ ಹೊಂದುವಂತೆ ಕಾಣಲಿಲ್ಲ. 1963ರಲ್ಲಿ ಅವನಿಗೆ ಹೊಳೆಯಿತು: ಅವು ನಮಗೆ ಚಿರಪರಿಚಿತವಾದ ಜಲಜನಕದ ರೇಖೆಗಳೇ, ಆದರೆ ಪ್ರತಿಯೊಂದರ ಅಲೆಯುದ್ದವೂ ನೂರಕ್ಕೆ 15.8ರಷ್ಟು ಹಿಗ್ಗಿ ಕೆಂಪಿನ ಕಡೆಗೆ ಸರಿದಿದೆ. ವಿಶ್ವದ ಹಿಗ್ಗುವಿಕೆಯಿಂದಾಗುವ ಈ ಕೆಂಪು ಪಲ್ಲಟದಿಂದ ದೂರವನ್ನು ಲೆಕ್ಕಹಾಕಿದರೆ, ಆ ಮಂಕು ಚುಕ್ಕೆಯು ಲಕ್ಷ ಕೋಟಿ ಸೂರ್ಯರನ್ನು ಮೀರಿಸಿ ಬೆಳಗುತ್ತಿದೆಯೆಂದು ಸಿದ್ಧವಾಯಿತು. ಅದು ಕ್ಷ-ಕಿರಣಗಳನ್ನೂ ಸೂಸುತ್ತದೆಯೆಂಬ ವರದಿ ಬಂದುದು 1970ರಲ್ಲಿ.

ಇಲ್ಲಿ ವಾಚಕರು ಒಂದು ಮಾತನ್ನು ಗಮನಿಸಬೇಕು. ಹತ್ತಿರದ ಸಣ್ಣ ಹಣತೆಯೂ ದೂರದ ದೊಡ್ಡ ಪಂಜೂ ಕಣ್ಣಿಗೆ ಒಂದೇ ಆಗಿ ತೋರಬಹುದು. ಉಪಗ್ರಹಕ್ಕೆ ಎಷ್ಟು ಕ್ಷ-ಕಿರಣ ಬಂದಿತೆಂಬುದರಿಂದಲೇ ಆಕರದ ನಿಜವಾದ ಬಲ ತಿಳಿಯದು; ದೂರವೂ ತಿಳಿಯಬೇಕು. ಕ್ಷ-ಕಿರಣದ ಬಲವು ಸೆಕೆಂಡಿಗೆ 10ರ 42ನೆಯ ಘಾತದಷ್ಟು ಅರ್ಗ್‌ಗಳನ್ನು ಮೀರಿದರೆ, ನಕ್ಷತ್ರಗಳಿಂದ ಮಾತ್ರ ಅಷ್ಟು ಬರುವುದು ಕಷ್ಟವೆಂದೂ ಒಳಗೆ ಸಕ್ರಿಯ ನಾಭಿಯಿರಬೇಕೆಂದೂ ಖಗೋಳಜ್ಞರು ನಿರ್ಣಯಿಸುತ್ತಾರೆ. ಆ ನಿರ್ಣಯಕ್ಕೆ ಬೇಕಾದ ದೂರವನ್ನು ಒದಗಿಸುವುದು ಬಹುಮಟ್ಟಿಗೆ ಬೆಳಕಿನ ರೋಹಿತವೇ. ಹೀಗೆ ಕಾಣುವ ಬೆಳಕು ಕ್ಷ-ಕಿರಣದ ಸೇವಕನಲ್ಲ, ಸಹೋದರ.

ಆದರೆ ಬೆಳಕಿನ ಸಾಕ್ಷಿಯು ಎಂದೂ ತಪ್ಪುವುದಿಲ್ಲವೆಂದು ಹೇಳಿದರೆ ನಾವು ವಾಚಕರಿಗೆ ವಂಚನೆ ಮಾಡಿದಂತಾದೀತು. ಸೀಫರ್ಟನ ಪಟ್ಟಿಯಲ್ಲಿಯೇ ಇದ್ದ ಎನ್‌ಜಿಸಿ 1068 ಎಂಬ ಗೆಲಾಕ್ಸಿಯ ರೋಹಿತವು ಸಕ್ರಿಯ ನಾಭಿಯನ್ನು ಸ್ಪಷ್ಟವಾಗಿ ಸಾರುತ್ತದೆ. ಆದರೆ ನಾಭಿಯ ಸುತ್ತ ಧೂಳು ಮತ್ತು ಅನಿಲಗಳ ದಪ್ಪನೆಯ ಗೋಡೆಯಿರುವುದರಿಂದ, ನೇರವಾಗಿ ಬರಬೇಕಾದ ಕ್ಷ-ಕಿರಣಗಳು ತಡೆದುಹೋಗಿ, ನಮಗೆ ಸಿಕ್ಕುವುದು ಚೆದುರಿದ ಅಲ್ಪಭಾಗ ಮಾತ್ರ. 1985ರಲ್ಲಿ ಆಂಟೋನುಚ್ಚಿ ಮತ್ತು ಮಿಲ್ಲರ್ ಅದರ ಧ್ರುವೀಕೃತ ಬೆಳಕನ್ನು ಬೇರ್ಪಡಿಸಿ ನೋಡಿದಾಗ, ಗೋಡೆಯ ಹಿಂದಿದ್ದ ಅಗಲವಾದ ರೇಖೆಗಳು ಕನ್ನಡಿಯಲ್ಲಿ ಕಂಡಂತೆ ಕಂಡುವು. ಇದಕ್ಕೆ ವಿರುದ್ಧವಾದ ಉದಾಹರಣೆಗಳೂ ಉಂಟು. ಕೆಲವು ಗೆಲಾಕ್ಸಿಗಳು ಕ್ಷ-ಕಿರಣದಲ್ಲಿ ಪ್ರಖರ. ಆದರೆ ಅವುಗಳ ರೋಹಿತವು ಏನೂ ಅರಿಯದ ಸಾಧಾರಣ ಗೆಲಾಕ್ಸಿಯ ರೋಹಿತದಂತಿರುತ್ತದೆ. ಧೂಳು ಮರೆಮಾಡಿರಬಹುದು, ಅಥವಾ ಗೆಲಾಕ್ಸಿಯ ನಕ್ಷತ್ರಗಳ ಬೆಳಕಿನಲ್ಲಿ ನಾಭಿಯ ಮಂಕು ರೇಖೆಗಳು ಮುಳುಗಿಹೋಗಿರಬಹುದು. ಮೊದಲನೆಯದು ಲಕ್ಷಣವೆಲ್ಲ ಇದ್ದೂ ನೀರು ಮೇಲೆ ಬಾರದ ಬಾವಿ. ಎರಡನೆಯದು ಲಕ್ಷಣವಿಲ್ಲದೆಯೂ ನೀರುಕ್ಕಿದ ಬಾವಿ. ಆದಕಾರಣ ಒಂದೇ ಕಣ್ಣನ್ನು ನಂಬಿ ಎಣಿಕೆ ಮಾಡಿದವನ ಎಣಿಕೆ ತಪ್ಪುತ್ತದೆ. ಕೃಷ್ಣವಿವರಗಳು ವಿಶ್ವದ ಯಾವ ಕಾಲದಲ್ಲಿ ಎಷ್ಟು ಬೆಳೆದುವು ಎಂಬ ದೊಡ್ಡ ಪ್ರಶ್ನೆಗೆ ಸರಿಯಾದ ಉತ್ತರ ಬೇಕಾದರೆ ಎರಡು ಕಣ್ಣುಗಳೂ ಬೇಕು.

ಈಗ ಎರಡನೆಯ ಕಣ್ಣಿಗೆ ಬಿದ್ದಿರುವ ಹೊರೆ ಎಷ್ಟೆಂಬುದನ್ನು ನೋಡಿ. 1970ರ ಡಿಸೆಂಬರಿನಲ್ಲಿ ಹಾರಿದ ಉಹುರು ಉಪಗ್ರಹವು ಕೊಟ್ಟ ಕೊನೆಯ ಪಟ್ಟಿಯಲ್ಲಿ ಇದ್ದುದು 339 ಆಕರಗಳು. 2019ರ ಜುಲೈಯಲ್ಲಿ ಹಾರಿದ ಇ-ರೋಸಿಟಾ ದೂರದರ್ಶಕದ ಮೊದಲ ಆರು ತಿಂಗಳ ಸರ್ವೇಕ್ಷಣೆಯ ಪಟ್ಟಿಯು 2024ರ ಜನವರಿ 31ರಂದು ಪ್ರಕಟವಾಯಿತು. ಅರ್ಧ ಆಕಾಶದಲ್ಲಿಯೇ ಸುಮಾರು 9 ಲಕ್ಷ ಆಕರಗಳು! ಅವುಗಳಲ್ಲಿ 7 ಲಕ್ಷಕ್ಕೂ ಮೇಲ್ಪಟ್ಟು ದೂರದ ಗೆಲಾಕ್ಸಿಗಳ ಮಹಾಕೃಷ್ಣವಿವರಗಳೆಂದು ಎಣಿಕೆ. ಇಷ್ಟು ದೊಡ್ಡ ಗುಂಪಿನ ಒಂದೊಂದಕ್ಕೂ ಬೆಳಕಿನ ರೋಹಿತವು ದೊರೆತು ಗುರುತು ಸ್ಥಿರವಾಗಬೇಕಾದರೆ ಎಷ್ಟು ರಾತ್ರಿಗಳು ಬೇಕು, ಎಷ್ಟು ದೂರದರ್ಶಕಗಳು ಬೇಕು! ಆಕಾಶದಲ್ಲಿ ಬೆಳೆ ಸಮೃದ್ಧವಾಗಿದೆ. ಕಣದಲ್ಲಿ ಒಕ್ಕುವವರು ಕಡಮೆ.

ನಮ್ಮ ರಾಜ್ಯದ ಪಾಲೇನು ಎಂದು ಕೇಳಿದರೆ, ಹೆಮ್ಮೆಪಡಲು ಕಾರಣವಿದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಕ್ಷ-ಕಿರಣವನ್ನೂ ಅತಿನೇರಿಳೆಯನ್ನೂ ಏಕಕಾಲದಲ್ಲಿ ನೋಡಬಲ್ಲ ಉಪಗ್ರಹ. ಅದರ ಅತಿನೇರಿಳೆ ದೂರದರ್ಶಕದ ನಿರ್ಮಾಣದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಮುಂದಾಳಾಗಿದ್ದಿತು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಕ್ಷ-ಕಿರಣ ಧ್ರುವೀಕರಣಮಾಪಕವನ್ನು ಕಟ್ಟಿದುದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಕಾಣುವ ಬೆಳಕಿನ ಕಡೆಗೆ ಬಂದರೆ, ಅದೇ ಖಭೌತ ಸಂಸ್ಥೆಯು ತಮಿಳುನಾಡಿನ ಕಾವಲೂರಿನಲ್ಲಿ ವೈನು ಬಾಪು ಅವರ ಹೆಸರಿನ 2.34 ಮೀಟರಿನ ದೂರದರ್ಶಕವನ್ನೂ, ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರಿನ ಹಿಮಾಲಯ ಚಂದ್ರ ದೂರದರ್ಶಕವನ್ನೂ ನಡೆಸುತ್ತದೆ. ಹಾನ್ಲೆಯ ದೂರದರ್ಶಕವನ್ನು ನಡೆಸುವುದು ಬೆಂಗಳೂರಿಗೆ ಸಮೀಪದ ಹೊಸಕೋಟೆಯಿಂದ! ಎರಡು ಸಾವಿರ ಕಿಲೋಮೀಟರಿಗೂ ದೂರದಲ್ಲಿ, ಉಪಗ್ರಹದ ಸಂಪರ್ಕದ ಮೂಲಕ, ಕನ್ನಡದ ನೆಲದಲ್ಲಿ ಕುಳಿತವರು ಹಿಮಾಲಯದ ಆಕಾಶವನ್ನು ಓದುತ್ತಾರೆ. ಸಕ್ರಿಯ ನಾಭಿಗಳ ಏರಿಳಿತವನ್ನೂ ರೋಹಿತವನ್ನೂ ಅಳೆಯುವ ಕಾರ್ಯವು ಅಲ್ಲಿ ನಡೆದು ಬಂದಿದೆ.

ಹೆಮ್ಮೆಯೊಂದೇ ಸಾಲದು. ಇಲ್ಲಿ ನಾವು ಮೂರು ಮಾತುಗಳನ್ನು ಒತ್ತಿ ಹೇಳಬಯಸುತ್ತೇವೆ.

ಒಂದು, ಕತ್ತಲೆಯನ್ನು ಕಾಪಾಡಬೇಕು. ಮಂಕು ಗೆಲಾಕ್ಸಿಯ ರೇಖೆಗಳು ಬೀದಿದೀಪದ ಬೆಳಕಿನಲ್ಲಿ ಕೊಚ್ಚಿಹೋಗುತ್ತವೆ. ಸುತ್ತಣ ಊರುಗಳು ಬೆಳೆದಂತೆಲ್ಲ ಕಾವಲೂರಿನ ಆಕಾಶಕ್ಕೂ ಈ ಬಾಧೆ ತಗಲಿದೆ. ಲಡಾಖಿನ ಆಡಳಿತವು 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಣ ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಪ್ರದೇಶವನ್ನು ಕತ್ತಲೆಯಾಕಾಶದ ರಕ್ಷಿತ ವಲಯವೆಂದು ಘೋಷಿಸಿತು. ಊರಿನವರಿಗೇ ದೂರದರ್ಶಕಗಳನ್ನು ಕೊಟ್ಟು, ಬಂದವರಿಗೆ ಆಕಾಶ ತೋರಿಸುವ ಶಿಕ್ಷಣವನ್ನೂ ಕೊಡಲಾಯಿತು. ಚಿತ್ರದುರ್ಗ ಜಿಲ್ಲೆಯಲ್ಲಿ ಅಂಥ ಯೋಚನೆಯೇಕೆ ಬೇಡ? ಚಳ್ಳಕೆರೆಯ ಬಳಿ ದೊಡ್ಡ ದೊಡ್ಡ ವಿಜ್ಞಾನಸಂಸ್ಥೆಗಳು ನೆಲೆಯೂರಿವೆ. ಚಂದ್ರಯಾನದ ಇಳಿಯಂತ್ರದ ಪರೀಕ್ಷೆಗಾಗಿ ಅಲ್ಲಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳನ್ನು ಹೋಲುವ ಕುಳಿಗಳನ್ನು ತೋಡಿದ್ದುಂಟು. ವಿಜ್ಞಾನದ ನೆಪದಲ್ಲಿಯೇ ಆಕಾಶವು ಬೆಳ್ಳಗಾಗಿ ಹೋದರೆ ಅದು ವಿಪರ್ಯಾಸ. ಊರಿಗೆ ದೀಪ ಬೇಡವೆಂದು ನಾವು ಹೇಳುತ್ತಿಲ್ಲ. ದೀಪಕ್ಕೆ ಮೇಲೊಂದು ಮುಚ್ಚಳವಿರಲಿ, ಬೆಳಕು ನೆಲಕ್ಕೆ ಬೀಳಲಿ, ಬೇಕಾದಷ್ಟೇ ಇರಲಿ, ನಡುರಾತ್ರಿಯಲ್ಲಿ ತಗ್ಗಲಿ ಎನ್ನುತ್ತೇವೆ. ಇದರಿಂದ ವಿದ್ಯುತ್ತಿನ ಲೆಕ್ಕದಲ್ಲಿಯೂ ಉಳಿತಾಯವೇ.

ಎರಡು, ಇರುವ ಮಧ್ಯಮ ಗಾತ್ರದ ದೂರದರ್ಶಕಗಳನ್ನು ಹೀಗಳೆಯಬಾರದು. ಹತ್ತು ಮೀಟರಿನ ದರ್ಪಣ ಬೇಕೆಂಬ ಆಸೆ ಯೋಗ್ಯವಾದುದೇ. ಅತ್ಯಂತ ಮಂಕಾದ ಆಕರಗಳಿಗೆ ಬೇರೆ ದಾರಿಯಿಲ್ಲ. ಆದರೆ ಇ-ರೋಸಿಟಾದ ಆಕರಗಳ ರೋಹಿತವನ್ನು ತೆಗೆಯುವ ಸ್ಲೋನ್ ಸರ್ವೇಕ್ಷಣೆಯ ಐದನೆಯ ಘಟ್ಟವು ನಡೆಯುವುದು ನ್ಯೂ ಮೆಕ್ಸಿಕೋ ಮತ್ತು ಚಿಲಿಗಳಲ್ಲಿರುವ ಎರಡು 2.5 ಮೀಟರಿನ ದೂರದರ್ಶಕಗಳಿಂದ. ಗಾತ್ರದಲ್ಲಿ ಅವು ಕಾವಲೂರಿನದಕ್ಕಿಂತ ಬಹಳ ದೊಡ್ಡವೇನಲ್ಲ! ಅವುಗಳ ಬಲವಿರುವುದು, ಯಂತ್ರದ ತೋಳುಗಳಿಂದ ಒಂದೊಂದೂ ಬೇರೆ ಬೇರೆ ಚುಕ್ಕೆಯ ಕಡೆಗೆ ಚಲಿಸಿ ನಿಲ್ಲುವ 500 ಗಾಜಿನ ಎಳೆಗಳಲ್ಲಿ. ಒಂದೇ ಸಲಕ್ಕೆ ನೂರಾರು ರೋಹಿತಗಳು ದೊರೆಯುತ್ತವೆ. ನಮ್ಮಲ್ಲಿಯೂ ದರ್ಪಣದ ಅಗಲವನ್ನು ಮಾತ್ರ ಎಣಿಸದೆ, ದರ್ಪಣದ ಹಿಂದಿನ ಉಪಕರಣಕ್ಕೆ ಬುದ್ಧಿಯನ್ನೂ ಹಣವನ್ನೂ ವಿನಿಯೋಗಿಸಬೇಕು.

ಮೂರು, ಈ ಕಾರ್ಯಕ್ಕೆ ನಮ್ಮ ಸಣ್ಣ ಊರುಗಳ ಕಾಲೇಜುಗಳನ್ನು ಸೇರಿಸಿಕೊಳ್ಳಬೇಕು. ಹೊಸದುರ್ಗದ ಅಥವಾ ಹಿರಿಯೂರಿನ ಭೌತಶಾಸ್ತ್ರದ ವಿದ್ಯಾರ್ಥಿಯು ಎಂಟು ಹತ್ತು ಅಂಗುಲದ ದೂರದರ್ಶಕಕ್ಕೆ ಒಂದು ಎಲೆಕ್ಟ್ರಾನಿಕ್ ಕ್ಯಾಮೆರಾ ಜೋಡಿಸಿ, 3ಸಿ 273, ಎನ್‌ಜಿಸಿ 4151ರಂಥ ಪ್ರಖರ ನಾಭಿಗಳ ಏರಿಳಿತವನ್ನು ವರ್ಷಗಟ್ಟಲೆ ಅಳೆಯಬಹುದು. ಇದು ಆಟವಲ್ಲ. ದೊಡ್ಡ ದೂರದರ್ಶಕಗಳಿಗೆ ದಿನದಿನವೂ ಒಂದೇ ಕಾಯವನ್ನು ಕಾಯುವ ಬಿಡುವಿಲ್ಲ, ಸಣ್ಣವಕ್ಕೆ ಉಂಟು. ಮೇಲಾಗಿ ಆಸ್ಟ್ರೋಸ್ಯಾಟ್ ದತ್ತಾಂಶಗಳು ನಿಗದಿಯಾದ ಅವಧಿ ಮುಗಿದ ಮೇಲೆ ಎಲ್ಲರಿಗೂ ದೊರೆಯುತ್ತವೆ; ಇ-ರೋಸಿಟಾದ ಪಟ್ಟಿಯೂ ಸ್ಲೋನ್ ರೋಹಿತಗಳೂ ಅಂತರ್ಜಾಲದಲ್ಲಿ ತೆರೆದಿವೆ. ಕ್ಷ-ಕಿರಣದ ವೃತ್ತವನ್ನೂ ಬೆಳಕಿನ ಚಿತ್ರವನ್ನೂ ಒಂದರ ಮೇಲೊಂದಿಟ್ಟು ನೋಡುವ ವಿದ್ಯೆಗೆ ಬೇಕಾದುದು ಒಂದು ಗಣಕಯಂತ್ರ, ದಾರಿತೋರುವ ಅಧ್ಯಾಪಕ, ಮತ್ತು ಕನ್ನಡದಲ್ಲಿ ಬರೆದ ಒಂದು ಒಳ್ಳೆಯ ಕೈಪಿಡಿ. ಮೊದಲನೆಯದು ಅನೇಕ ಕಡೆ ಇದೆ. ಉಳಿದೆರಡು ಒದಗುವುದು ನಮ್ಮ ವಿಶ್ವವಿದ್ಯಾನಿಲಯಗಳ ಮನಸ್ಸಿನ ಮೇಲಿದೆ.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಇನ್ನು ಮುಂದೆ ಇದನ್ನೆಲ್ಲ ಯಂತ್ರಗಳೇ ಮಾಡುತ್ತವೆ, ಬಣ್ಣದ ಚಿತ್ರಗಳಿಂದಲೇ ಗಣಕಯಂತ್ರವು ನಾಭಿಗಳನ್ನು ಆರಿಸುತ್ತದೆ, ರೋಹಿತವೇಕೆ ಎಂಬುದು ಒಂದು. ನಿಜ, ಯಂತ್ರಗಳು ಆರಿಸುತ್ತಿವೆ, ಚೆನ್ನಾಗಿಯೇ ಆರಿಸುತ್ತಿವೆ. ಆದರೆ ಆ ಯಂತ್ರಕ್ಕೆ ಸರಿ ತಪ್ಪನ್ನು ಕಲಿಸಿದುದು ಹಿಂದೆ ತೆಗೆದ ರೋಹಿತಗಳೇ. ಹೊಸಬಗೆಯ ಕಾಯವು ಎದುರಾದಾಗ, ಎಂದರೆ ಲಕ್ಷಣವಿಲ್ಲದೆ ನೀರುಕ್ಕಿದ ಆ ಬಾವಿಯಂಥದು ಎದುರಾದಾಗ, ಯಂತ್ರವು ಹಳೆಯ ಪಾಠವನ್ನೇ ಒಪ್ಪಿಸುತ್ತದೆ. ಅಲ್ಲಿ ನಿಂತು ಸಂದೇಹಪಡಬೇಕಾದವನು ಮನುಷ್ಯ.

ಎರಡನೆಯದು ಹೆಚ್ಚು ಗಂಭೀರವಾದುದು. ಬರದ ಸೀಮೆಯ ಜನಕ್ಕೆ ಇದರಿಂದೇನು? ಸಕ್ರಿಯ ನಾಭಿಯನ್ನು ಗುರುತಿಸಿದರೆ ವಾಣಿವಿಲಾಸ ಸಾಗರಕ್ಕೆ ಒಂದು ಅಡಿ ನೀರು ಹೆಚ್ಚಾದೀತೆ? ಆಗದು, ಆದೀತೆಂದು ಹೇಳುವವರನ್ನು ವಾಚಕರು ನಂಬಬಾರದು. ಆದರೆ ಅಲ್ಪವಾದ ಸಾಕ್ಷ್ಯದಿಂದ, ದುಡುಕದೆ, ಒಂದು ಲಕ್ಷಣವನ್ನು ಇನ್ನೊಂದರಿಂದ ಪರೀಕ್ಷಿಸಿ, ತಪ್ಪಬಹುದಾದ ಕಡೆ ತಪ್ಪಬಹುದೆಂದು ಒಪ್ಪಿಕೊಂಡು ನಿರ್ಣಯಕ್ಕೆ ಬರುವ ಶಿಸ್ತು ಯಾವ ಸೀಮೆಗೆ ಬೇಡ? ವೈದ್ಯನಿಗೂ ಬೇಕು, ಎಂಜಿನಿಯರಿಗೂ ಬೇಕು, ಬಾವಿ ತೋಡುವವನಿಗೂ ಬೇಕು. ಆಕಾಶವು ಆ ಶಿಸ್ತನ್ನು ಖರ್ಚಿಲ್ಲದೆ ಕಲಿಸುವ ಶಾಲೆ. ಅದರ ಬಾಗಿಲನ್ನು ದೀಪಗಳಿಂದ ಮುಚ್ಚಿಬಿಟ್ಟರೆ ಹೆಚ್ಚು ನಷ್ಟವಾಗುವುದು ಬೇರೆ ಶಾಲೆಗಳಿಲ್ಲದ ಊರುಗಳ ಮಕ್ಕಳಿಗೇ.

ಆ ರಾತ್ರಿ ಹಾಲುರಾಮೇಶ್ವರದ ಬಯಲಿನಿಂದ ಹಿಂದಿರುಗುವಾಗ ನಮ್ಮೊಡನಿದ್ದ ಊರಿನ ಹುಡುಗನೊಬ್ಬನು, "ಆ ಚುಕ್ಕಿ ಯಾವ್ದು ಅಂತ ತೋರಿಸಿ ಸಾರ್" ಎಂದು ಕೇಳಿದನು. ನಾವು ಕನ್ಯಾರಾಶಿಯ ಕಡೆಗೆ ಕೈತೋರಿ, ಅದು ಬರಿಗಣ್ಣಿಗೆ ಕಾಣುವುದಿಲ್ಲವಪ್ಪ, ದೂರದರ್ಶಕ ಬೇಕು ಎಂದೆವು. "ನಮ್ಮ ಕಾಲೇಜಲ್ಲಿ ಇಲ್ವಲ್ಲ" ಎಂದು ಅವನು ಸುಮ್ಮನಾದನು. 200 ಕೋಟಿ ವರ್ಷ ದಾರಿ ನಡೆದು ಬಂದ ಬೆಳಕು ಆ ಹುಡುಗನ ತಲೆಯ ಮೇಲೆಯೇ ಬೀಳುತ್ತಿದೆ. ಅದನ್ನು ಹಿಡಿಯಲು ಬೇಕಾದ ಹತ್ತು ಅಂಗುಲದ ಒಂದು ದರ್ಪಣವನ್ನು ಅವನ ಕಾಲೇಜಿಗೆ ಒದಗಿಸುವುದು ಉಪಗ್ರಹಗಳನ್ನು ಹಾರಿಸಿದ ನಾಡಿಗೆ ಅಸಾಧ್ಯವಾದ ಕಾರ್ಯವಲ್ಲ.